ಮುಳ್ಳು ಹಾಕಿದ ಕೋಣೆ

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಉಪನ್ಯಾಸಕರಿಗೆಲ್ಲ ಒಂದು ತರಬೇತಿ ಇಟ್ಟಿದ್ದರು. ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡ ಹುಡುಗನೊಬ್ಬ ಬಂದು, ಎಷ್ಟೇ ಕೆಲಸವಿದ್ದರೂ ದಿನಕ್ಕೆ ಒಂದು ಗಂಟೆ ನಿಮಗಾಗಿ ಎತ್ತಿಡಿ, ಮನೆಯಲ್ಲಿ ನಿಮ್ಮದೇ ಅಂತ ಒಂದು ಮೂಲೆ ಮಾಡಿಕೊಳ್ಳಿ, ಆಗಲೇ ನೀವು ಬೆಳೆಯುವುದು ಎಂದ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಊಟದ ವ್ಯವಸ್ಥೆ ಚೆನ್ನಾಗಿತ್ತು. ಮೂಲೆಯೇ ಇಲ್ಲದ ಮನೆಯಲ್ಲಿ ಮೂಲೆ ಎಲ್ಲಿಂದ ತರುವುದಪ್ಪ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ನನಗೆ ಆ ಒಂದು ಗಂಟೆ ಸಿಕ್ಕಿದ್ದು ನಮ್ಮಜ್ಜಿ ಸತ್ತ ಕೋಣೆಯಲ್ಲಿ. ಅದನ್ನು ಹೇಳಿದ್ದರೆ ಆ ಹುಡುಗ ಪರದೆಯ ಮೇಲೆ ಮುಂದಿನ ಚಿತ್ರ ತೋರಿಸುವುದನ್ನೇ ಮರೆಯುತ್ತಿದ್ದ.

ಆಗ ನಾವಿದ್ದದ್ದು ಹೆಗ್ಗನಹಳ್ಳಿಯಲ್ಲಿ. ಅದು ನಿಜಕ್ಕೂ ಹಳ್ಳಿಯಾಗಿದ್ದಾಗ ತಾತ ಕಟ್ಟಿಸಿದ ಶೀಟಿನ ಮನೆ. ಸುತ್ತ ಎರಡು ಮೂರು ಮಹಡಿಗಳು ಎದ್ದ ಮೇಲೆ ನಮ್ಮದು ಗುಂಡಿಯಲ್ಲಿ ಕೂತ ಹಾಗೆ ಕಾಣುತ್ತಿತ್ತು. ಒಂದು ನಡುಮನೆ, ಹಿಂದೆ ಅಡುಗೆಮನೆ, ಅಪ್ಪ ಅಮ್ಮನಿಗೆ ಒಂದು ಕೋಣೆ, ಅಜ್ಜಿಗೆ ಒಂದು. ನಾನೂ ತಂಗಿ ಪುಷ್ಪನೂ ನಡುಮನೆಯ ಪಾಲು. ನಡುಮನೆ ಅಂದರೆ ಹೆಸರಿಗೆ, ಅದೊಂದು ಕಾರ್ಖಾನೆ. ಅಪ್ಪ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದ. ಅಮ್ಮ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ಬೀದಿಯ ನಾಲ್ಕೈದು ಹೆಂಗಸರು ತಮ್ಮ ತಮ್ಮ ಮಣೆ ಹೊತ್ತುಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಕಪ್ಪು ಮಸಾಲೆಯ ಉಂಡೆ, ಬಿದಿರು ಕಡ್ಡಿಯ ಕಟ್ಟು, ಟೀವಿಯಲ್ಲಿ ಧಾರಾವಾಹಿ, ಅದರ ಮೇಲೆ ಇವರ ಮಾತು. ನಮ್ಮ ಸ್ಕೂಲಿನಲ್ಲಿ ಕೋಣೆಗಳು ಸಾಲದೆ ಹತ್ತನೇ ತರಗತಿ ಬೆಳಗಿನ ಪಾಳಿಯಲ್ಲಿ ನಡೆಯುತ್ತಿತ್ತು. ಒಂದು ಗಂಟೆಗೆ ಮನೆಗೆ ಬಂದರೆ ನನಗೂ ಒಂದು ಮಣೆ ಸಿದ್ಧವಾಗಿರುತ್ತಿತ್ತು. ಲೆಕ್ಕದ ಪುಸ್ತಕ ತೆಗೆದುಕೊಂಡು ಎಲ್ಲೆಲ್ಲಿ ಕೂತು ನೋಡಿದ್ದೇನೋ. ಬಚ್ಚಲಲ್ಲಿ ಕೂತರೆ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಜಗುಲಿಯಲ್ಲಿ ಕೂತರೆ ಹೋಗುವವರು ಬರುವವರೆಲ್ಲ ನಿಂತು, ಏನಮ್ಮ ಓದ್ತಾ ಇದೀಯಾ ಅಂತ ವಿಚಾರಿಸಿಕೊಂಡೇ ಮುಂದೆ ಹೋಗುತ್ತಿದ್ದರು. ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ ಫೇಲಾದೆ.

ಫೇಲಾಗುವುದು ನಮ್ಮ ಮನೆಯಲ್ಲಿ ಸಣ್ಣ ಮಾತಾಗಿರಲಿಲ್ಲ, ಏಕೆಂದರೆ ಅಜ್ಜಿ ಬದುಕಿದ್ದಾಗಲೇ ನನ್ನ ವಿಷಯ ತೀರ್ಮಾನ ಮಾಡಿ ಹೋಗಿದ್ದಳು. ಅಪ್ಪನ ತಾಯಿ ಅವಳು. ತನ್ನ ಕೋಣೆಯ ಮಂಚದ ಮೇಲೆ ಗೋಡೆಗೆ ತಲೆ ಒರಗಿಸಿ ಕೂತುಕೊಂಡೇ ಇಡೀ ಮನೆ ನಡೆಸುತ್ತಿದ್ದಳು. ಒರಗಿ ಒರಗಿ ಗೋಡೆಯ ಮೇಲೆ ಎಣ್ಣೆಯ ಒಂದು ದುಂಡನೆಯ ಕಲೆ ಬಿದ್ದಿತ್ತು. ಅಲ್ಲಿಂದಲೇ ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದಳು, ಸಾರಿಗೆ ಒಗ್ಗರಣೆ ಸೀದುಹೋಯಿತು ಅಂತ ಮೂಗಿನಿಂದಲೇ ಕಂಡುಹಿಡಿಯುತ್ತಿದ್ದಳು. ಅಮ್ಮ ಮದುವೆಯಾಗಿ ಬಂದಾಗಿನಿಂದ ಅವಳಿಗೆ ಆಡಿದ್ದು ಎರಡೇ ಮಾತು, ಹೂಂ ಅತ್ತೆ ಮತ್ತು ಆಯ್ತು ಅತ್ತೆ. ಅಪ್ಪನಿಗಂತೂ ಅವ್ವ ಹೇಳಿದಳೆಂದರೆ ಮುಗಿಯಿತು. ಅದೇ ಅಮ್ಮ ಏನಾದರೂ ಹೇಳಿದರೆ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕೆಟ್ಟವನಲ್ಲ ಅಪ್ಪ, ಅಮ್ಮನ ದನಿ ಅವನಿಗೆ ಫ್ಯಾನಿನ ಸದ್ದಿನಷ್ಟು ಅಭ್ಯಾಸವಾಗಿತ್ತು. ಒಂದು ಸಂಜೆ ಅಜ್ಜಿ ಅವನನ್ನು ಕರೆದು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ನೋಡು ಮುನಿ, ನೇತ್ರ ಹತ್ತನೇದು ಒಂದೇ ಏಟಿಗೆ ಪಾಸಾದ್ರೆ ಆಮೇಲೆ ನೋಡಾನ. ಆಗ್ಲಿಲ್ವಾ, ಎದುರ್ಮನೆ ಗೌರಿ ಮಗಳ ಜೊತೆ ಗಾರ್ಮೆಂಟ್ಸ್‌ಗೆ ಹಾಕ್ಬುಡು. ಮನೇಲಿ ಕೂತು ಇನ್ನೊಂದ್ಸಲ ಕಟ್ಟೋದು ಗಿಟ್ಟೋದು ಏನೂ ಬ್ಯಾಡ."

"ಆಯ್ತವ್ವ," ಅಂದ ಅಪ್ಪ.

ಶ್ರಾವಣದಲ್ಲಿ ಅಜ್ಜಿ ತೀರಿಕೊಂಡಳು. ಬೆಳಿಗ್ಗೆ ಹನ್ನೊಂದರ ಹೊತ್ತು. ನಾನೂ ಪುಷ್ಪನೂ ಸ್ಕೂಲಿನಲ್ಲಿದ್ದೆವು, ಅಮ್ಮ ಹೊಸೆದ ಬತ್ತಿ ಕೊಟ್ಟು ಬರಲು ಸುಂಕದಕಟ್ಟೆಗೆ ಹೋಗಿದ್ದಳು, ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಪ್ಪ ಒಬ್ಬನೇ ಪಕ್ಕದಲ್ಲಿದ್ದ. ಮಲಗಿದ್ದ ಹಾಗೇ ಹೋದಳು ಅಂತ ಬಂದವರಿಗೆಲ್ಲ ಹೇಳಿದ. ಜೋಯಿಸರು ಬಂದು ಪಂಚಾಂಗ ನೋಡಿ, ನಕ್ಷತ್ರ ಸರಿಯಿಲ್ಲ, ಧನಿಷ್ಠ, ಆರು ತಿಂಗಳು ಮನೆಯನ್ನೇ ಬಿಡಬೇಕು ಎಂದರು. ನಮ್ಮ ಕಡೆ ಹೀಗೆ ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಬಾಗಿಲಿಗೆ ಮುಳ್ಳು ಹಾಕಿ ಬೇರೆ ಕಡೆ ಹೋಗುತ್ತಾರೆ. ಹೋಗಲು ನಮಗೆ ಬೇರೆ ಕಡೆ ಇರಬೇಕಲ್ಲ.

"ಎಲ್ಲಿಗ್ ಹೋಗೋದು ಸ್ವಾಮಿ, ಹೆಣ್ಮಕ್ಕಳನ್ನ ಕಟ್ಕೊಂಡು?" ಎಂದ ಅಪ್ಪ.

"ಹಂಗಾದ್ರೆ ಆ ರೂಮ್ ಒಂದಾದ್ರೂ ಬಿಡಿ. ಎರಡು ಬಾಗಿಲಿಗೂ ಮುಳ್ಳು ಹಾಕಿ. ಯಾರೂ ಕಾಲಿಡಬಾರ್ದು, ಪೊರಕೆ ಕೂಡ ಆಡ್ಬಾರ್ದು. ಮಾಘದಲ್ಲಿ ಬಂದು ಶಾಂತಿ ಮಾಡಿ ತೆಗೆಸ್ತೀನಿ."

ಕೋಣೆಗೆ ಎರಡು ಬಾಗಿಲು. ಒಂದು ನಡುಮನೆಗೆ, ಇನ್ನೊಂದು ಪಕ್ಕದ ಮನೆಗೂ ನಮಗೂ ನಡುವಿನ ಸಂದಿಗೆ. ಕೆರೆಯಂಗಳದಿಂದ ಜಾಲಿ ಮುಳ್ಳು ಕಡಿದು ತಂದು, ನಡುಮನೆಯ ಬಾಗಿಲಿಗೆ ಅಡ್ಡಡ್ಡ ಕಟ್ಟಿದ ಅಪ್ಪ, ಸಂದಿಯ ಬಾಗಿಲಿಗೆ ಒಂದು ಕೊಂಬೆ ಬರಿದೇ ಒರಗಿಸಿದ. ಅಲ್ಲಿಗೆ ಯಾರು ಹೋಗುತ್ತಾರೆ ಅಂತ. ಸಂಜೆ ಆ ಮುಳ್ಳಿನ ಮುಂದೆ ಅಮ್ಮ ಒಂದು ದೀಪ ಇಡುತ್ತಿದ್ದಳು. ಅದರ ಬೆಳಕಿಗೆ ಮುಳ್ಳಿನ ನೆರಳು ಬಾಗಿಲ ಮೇಲೆ ದೊಡ್ಡದಾಗಿ ಆಡುತ್ತಿತ್ತು. ಬತ್ತಿ ಹೊಸೆಯುವ ಹೆಂಗಸರು ಅದಕ್ಕೆ ಬೆನ್ನು ತಿರುಗಿಸಿ ಕೂರುತ್ತಿರಲಿಲ್ಲ. ಪುಷ್ಪ ರಾತ್ರಿಯೆಲ್ಲ ನನ್ನ ಜಡೆ ಹಿಡಿದುಕೊಂಡೇ ಮಲಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟ್ ತೆಗೆಯಲು ಶುರು ಮಾಡಿದರು. ನಡುಮನೆ ಕತ್ತಲಾಗಿ ಹೆಂಗಸರೆಲ್ಲ ಜಗುಲಿಯ ಬಿಸಿಲಿಗೆ ಹೋಗುತ್ತಿದ್ದರು. ಆ ಎರಡು ಗಂಟೆ ಮನೆಯೊಳಗೆ ಯಾರೂ ಇಲ್ಲ. ಪಾತ್ರೆ ತೊಳೆದಿಟ್ಟು, ನೋಟ್ಸ್ ಬರೆದುಕೊಳ್ಳಲು ಗೆಳತಿ ಮನೆಗೆ ಹೋಗುತ್ತೇನೆಂದು ಹೇಳಿ, ಎರಡೂವರೆಗೆ ಸಂದಿಗೆ ಇಳಿದೆ. ಮೊದಲ ದಿನ ಮುಳ್ಳಿನ ಕೊಂಬೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಒಳಗೆ ಹೋಗಲು ಭಯ, ವಾಪಸು ಹೋದರೆ ಗಾರ್ಮೆಂಟ್ಸ್. ಗೌರಕ್ಕನ ಮಗಳು ಸಂಜೆ ಏಳಕ್ಕೆ ಕಾಲು ಎಳೆದುಕೊಂಡು ಬರುವುದನ್ನು ದಿನಾ ನೋಡುತ್ತಿದ್ದೆ. ಕೊಂಬೆ ಸರಿಸಿದೆ.

ಒಳಗೆ ನೀಲಗಿರಿ ಎಣ್ಣೆಯ ವಾಸನೆ ಹಾಗೇ ನಿಂತಿತ್ತು. ಶೀಟಿನ ಗಾಜಿನಿಂದ ಬೀಳುವ ಬೆಳಕಿನಲ್ಲಿ ಹಾಸಿಗೆಯಿಲ್ಲದ ಕಬ್ಬಿಣದ ಮಂಚ, ಗೋಡೆಯ ಮೇಲೆ ಆ ಎಣ್ಣೆಯ ಕಲೆ. ತಲೆ ಇಲ್ಲ, ತಲೆಯ ಗುರುತು ಮಾತ್ರ ಅಲ್ಲಿಂದ ನನ್ನನ್ನು ನೋಡುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಲಾರದೆ ಎದುರಿಗೇ ಕೂತೆ. ಹಾಳೆ ಉಳಿಸಲು ಸ್ಕೂಲಿನಿಂದ ತಂದ ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಬಿಡಿಸತೊಡಗಿದೆ. ಒಂದು, ಎರಡು, ಆಮೇಲೆ ಎಷ್ಟೋ. ಯಾರೂ ನೇತ್ರಾ ಅಂತ ಕೂಗಲಿಲ್ಲ. ಒಂದು ಲೆಕ್ಕವನ್ನು ತಪ್ಪು ಮಾಡಿ, ಅಳಿಸಿ, ಮತ್ತೆ ತಪ್ಪು ಮಾಡಿ, ಮೂರನೆಯ ಸಲ ಸರಿ ಮಾಡುವಷ್ಟು ಹೊತ್ತು ನನಗೆ ಹುಟ್ಟಿದ ಮೇಲೆ ಮೊದಲ ಬಾರಿ ಸಿಕ್ಕಿತ್ತು. ಆವತ್ತು ಹೊರಗೆ ಬಂದಾಗ ನನಗೆ ಆದ ಖುಷಿಯನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಜ್ಜಿಗೇ ಹೇಳಿ ಬಂದೆ, ಬರ್ತೀನಿ ಅಜ್ಜಿ ಅಂತ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಒಳಗೆ ಹೋಗಿ ನೆಲದ ಮೇಲೆ ಕೂತವಳು ಥಟ್ಟನೆ ಎದ್ದುಬಿಟ್ಟೆ. ನೆಲ ಬೆಚ್ಚಗಿತ್ತು. ಕೋಣೆಯ ನೆಲವೆಲ್ಲ ತಣ್ಣಗೆ ಕೊರೆಯುತ್ತಿದೆ, ಆ ಕಲೆಯ ಎದುರಿಗೆ ಒಬ್ಬರು ಕೂರುವಷ್ಟು ಜಾಗ ಮಾತ್ರ ಬೆಚ್ಚಗಿದೆ. ಕೈಯಿಟ್ಟು ನೋಡಿದೆ, ಹೌದು. ನನ್ನ ಲೆಕ್ಕಗಳು ಹಾಗೇ ಇದ್ದವು, ಅವುಗಳನ್ನು ತುಳಿಯದಂತೆ ಸುತ್ತಿಕೊಂಡು ಯಾರೋ ಓಡಾಡಿದ ಹಾಗೆ ಧೂಳು ಸವರಿಹೋಗಿತ್ತು. ಆವತ್ತು ಪುಸ್ತಕ ತೆರೆಯದೆ ಓಡಿ ಬಂದೆ. ಜ್ವರ ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಮಾರನೆಯ ದಿನ ಮತ್ತೆ ಹೋದೆ. ಭಯಕ್ಕಿಂತ ಆ ಒಂದೂವರೆ ಗಂಟೆಯ ಆಸೆ ದೊಡ್ಡದಾಗಿತ್ತು. ಮತ್ತೆ ಅದೇ ಬೆಚ್ಚಗಿನ ಜಾಗ. ಇದ್ದರೆ ಇರಲಿ, ಅವಳದೇ ಕೋಣೆಯಲ್ಲವೇ ಅಂತ ನಾನು ಮಂಚದ ಇನ್ನೊಂದು ಪಕ್ಕಕ್ಕೆ ಸರಿದು ಕೂತೆ.

ಒಂದು ದಿನ ಪಾತ್ರೆ ಕಡಿಮೆಯಿತ್ತು, ಎರಡಕ್ಕೇ ಸಂದಿಗೆ ಬಂದೆ. ಮುಳ್ಳಿನ ಕೊಂಬೆ ಪಕ್ಕಕ್ಕೆ ಸರಿದಿತ್ತು. ಒಳಗಿನಿಂದ ಅಜ್ಜಿಯ ದನಿ.

"ಏ ಜಯಿ, ನಿಮ್ಮವ್ವ ನಿಂಗೆ ಅನ್ನ ಬಸಿಯೋದೂ ಕಲಿಸ್ಲಿಲ್ವೇನೇ?"

ಜಯ ನಮ್ಮ ಅಮ್ಮನ ಹೆಸರು. ಗೋಡೆಗೆ ಅಂಟಿಕೊಂಡು ನಿಂತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ದನಿ, ತೀರಾ ಸಣ್ಣದು.

"ನಮ್ಮವ್ವನ್ನ ಯಾಕ್ ಎಳೀತೀರ ಅತ್ತೆ? ಅನ್ನೋದಿದ್ರೆ ನಂಗೇ ಅನ್ನಿ."

ಕದದ ಬಿರುಕಿನಲ್ಲಿ ಕಣ್ಣಿಟ್ಟೆ. ಒಳಗೆ ಅಮ್ಮ ಒಬ್ಬಳೇ. ತಲೆನೋವು, ಅರ್ಧ ಗಂಟೆ ಅಡ್ಡಾಗ್ತೀನಿ ಅಂತ ಜಗುಲಿಯಿಂದ ಎದ್ದು ಬರುತ್ತಿದ್ದವಳು ಅಡ್ಡಾಗುತ್ತಿದ್ದದ್ದು ಇಲ್ಲಿ. ಎಣ್ಣೆಯ ಕಲೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ, ಕಪ್ಪು ಹತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಜ್ಜಿಯಾಗಿ ಬೈಯುತ್ತಿದ್ದಳು, ಕಣ್ಣು ಮುಚ್ಚಿ ಸ್ವಲ್ಪ ಕಾಯುತ್ತಿದ್ದಳು, ಸೊಸೆಯಾಗಿ ಉತ್ತರ ಕೊಡುತ್ತಿದ್ದಳು. ಉತ್ತರ ಮೆತ್ತಗಾಯಿತು ಅನ್ನಿಸಿದರೆ ಅದನ್ನೇ ಮತ್ತೆ ಗಟ್ಟಿಯಾಗಿ ಹೇಳುತ್ತಿದ್ದಳು. ಹದಿನೇಳು ವರ್ಷದಲ್ಲಿ ಆಡದೆ ನುಂಗಿದ ಒಂದೊಂದು ಮಾತನ್ನೂ ತೆಗೆದು ಆಡಿ ಕಲಿಯುತ್ತಿದ್ದಳು ಅಮ್ಮ. ನಾನು ನೆಲದ ಮೇಲೆ ಲೆಕ್ಕ ಬಿಡಿಸಿ ಅಳಿಸುತ್ತಿದ್ದೆನಲ್ಲ, ಅದೇ.

ನೋಡಿ ನನಗೆ ನಗು ಬರಬೇಕಿತ್ತು, ಇಲ್ಲ ಅಳು ಬರಬೇಕಿತ್ತು. ಬಂದದ್ದು ಭಯ. ದಿನ ಕಳೆದಂತೆ ಅದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಮೊದಮೊದಲು ಕೇಳಿದರೆ ಅಮ್ಮ ಅಜ್ಜಿಯ ದನಿ ಮಾಡುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಕಾಯುವ ಹೊತ್ತೂ ಈಗ ಇರಲಿಲ್ಲ, ಒಂದು ದನಿಯ ಬಾಲದ ಮೇಲೇ ಇನ್ನೊಂದು ದನಿ ಏಳುತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಮಾತಾಡಿದರೆ ಇಬ್ಬರಿಗೂ ಕೋಣೆ ಹೋಗುತ್ತದೆ ಅನ್ನುವ ಸ್ವಾರ್ಥ. ಒಂದು ದಿನ ಅವಳು ಹೊರಗೆ ಬರುವಾಗ ನಾನು ಸಂದಿಯಲ್ಲಿ ಎದುರಾಗಿಯೇಬಿಟ್ಟೆ. ಅಮ್ಮ ನನ್ನ ಕೈಯಲ್ಲಿದ್ದ ಗಣಿತದ ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು.

"ನೆಲ ಬೆಚ್ಚಗಿದೆ, ಹೋಗ್ ಕೂತ್ಕೋ," ಎಂದಳು. "ನಿಮ್ಮಪ್ಪಂಗೆ ಹೇಳ್ಬೇಡ."

ಅಷ್ಟೇ. ನಮ್ಮಿಬ್ಬರ ಒಪ್ಪಂದ ಅಲ್ಲಿಗೆ ಆಯಿತು, ಮೊದಲ ಅರ್ಧ ಗಂಟೆ ಅವಳದು, ಉಳಿದದ್ದು ನನ್ನದು.

ಮಾಘ ಬಂತು. ಅಪ್ಪ ಆಗಲೇ ಬಾಡಿಗೆಗೆ ಜನ ಹುಡುಕಿದ್ದ. ರಾಣೆಬೆನ್ನೂರು ಕಡೆಯ ಗಂಡ ಹೆಂಡತಿ, ಗಂಡ ಅಪ್ಪನ ಜೊತೆ ಕೆಲಸಕ್ಕಿದ್ದವನು. ಕೋಣೆ ತೆಗೆದ ವಾರಕ್ಕೆ ಬರುವುದು ಅಂತ ಮಾತಾಗಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಗಣಿತದಲ್ಲಿ ಒಂದೆರಡು ಅಂಕದಲ್ಲಿ ಫೇಲಾಗಿದ್ದೆ. ಪ್ರಮೇಯಗಳು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕೂತು ಅತ್ತುಬಿಟ್ಟೆ.

"ಇನ್ನ ಏಳು ವಾರ ಅಮ್ಮ. ಏಳೇ ವಾರ ರೂಮ್ ಹಂಗೇ ಇದ್ದಿದ್ರೆ ನಾನ್ ಪಾಸಾಗ್ತಿದ್ದೆ."

ಅಮ್ಮ ರಾಗಿಮುದ್ದೆ ತಿರುವುತ್ತಿದ್ದ ಕೋಲು ನಿಲ್ಲಿಸಲಿಲ್ಲ. ಅಪ್ಪನಿಗೆ ಹೇಳುತ್ತೇನೆ ಅಂತಲೂ ಅನ್ನಲಿಲ್ಲ. ಹೇಳಿ ಪ್ರಯೋಜನವಿಲ್ಲ ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಶಾಂತಿಯ ದಿನ ಬೆಳಿಗ್ಗೆ ಜೋಯಿಸರು ನಡುಮನೆಯಲ್ಲಿ ಕಳಶ ಇಟ್ಟರು. ಮಣೆಗಳೆಲ್ಲ ಗೋಡೆಗೆ ಸೇರಿದ್ದವು, ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಂತ್ರ ಮುಗಿದು, ಅಪ್ಪ ಮಚ್ಚು ತೆಗೆದುಕೊಂಡು ಮುಳ್ಳಿಗೆ ಕಟ್ಟಿದ್ದ ಹಗ್ಗಕ್ಕೆ ಕೈ ಹಾಕಿದ. ಕೊಡ ಹಿಡಿದು ನಿಂತಿದ್ದ ಅಮ್ಮ ಅದನ್ನು ಮೆಲ್ಲನೆ ಕೆಳಗಿಟ್ಟಳು. ಗೋಡೆಗೆ ತಲೆ ಒರಗಿಸಿ ಕೂತಳು.

"ಮುನಿ."

ಪುಷ್ಪ ಕಿಟಾರನೆ ಕಿರುಚಿದಳು. ಅಪ್ಪ ತಿರುಗಲಿಲ್ಲ, ಬೆನ್ನು ಮಾತ್ರ ಸೆಟೆದುಕೊಂಡಿತು.

"ಮುನಿ, ಕೈ ತೆಗಿ. ಯುಗಾದಿ ಆಗ್ಲಿ, ಮಾರನೇ ದಿನ ಹೊಸತೊಡಕು ಆಗ್ಲಿ, ಆಮೇಲೆ ತೆಗಿ. ನಾನಿನ್ನೂ ಹೊಂಟಿಲ್ಲ."

ಆ ವರ್ಷ ಯುಗಾದಿ ಬೀಳುತ್ತಿದ್ದದ್ದು ನನ್ನ ಪರೀಕ್ಷೆ ಮುಗಿದ ನಾಲ್ಕು ದಿನಕ್ಕೆ. ಅದನ್ನು ಆ ನಡುಮನೆಯಲ್ಲಿ ಎಣಿಸಿದವಳು ನಾನೊಬ್ಬಳೇ. ಜೋಯಿಸರು ಕೈಯಲ್ಲಿದ್ದ ಅಕ್ಷತೆ ಹಾಗೇ ಹಿಡಿದುಕೊಂಡು ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದರು. ಅಪ್ಪ ಅಷ್ಟರಲ್ಲಿ ತಿರುಗಿದ್ದ.

"ಬಾಡಿಗೆಯವ್ರಿಗೆ ಮಾತು ಕೊಟ್ಬಿಟ್ಟಿದೀನಿ ಕಣವ್ವ."

"ಮಾತಾ? ಅವತ್ತು ನಾನು ನೀರು ಕೇಳಿದ್ನಲ್ಲೋ. ಎರಡು ಸಲ ಕೇಳ್ದೆ. ಆ ಫೋನ್ ಹಿಡ್ಕೊಂಡು ಅದೇನೋ ಒತ್ತುತಾ ಇದ್ದೆ, ತಿರುಗಿ ನೋಡ್ಲಿಲ್ವಲ್ಲೋ ನನ್ ಮಗನೇ."

ಇದನ್ನು ನಾನು ಸಂದಿಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಅಪ್ಪನ ಕೈಯಿಂದ ಮಚ್ಚು ಬಿತ್ತು. ಅವನು ಅಷ್ಟು ಜನರ ಮುಂದೆ ನೆಲಕ್ಕೆ ಕುಸಿದು ಅಮ್ಮನ ಕಾಲು ಹಿಡಿದುಕೊಂಡ. ತಪ್ಪಾಯ್ತವ್ವ, ತಪ್ಪಾಯ್ತು ಅಂತ ಮಗುವಿನ ಹಾಗೆ ಅಳತೊಡಗಿದ. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತಂಗಿಯನ್ನು ಹಿಂದಕ್ಕೆ ಎಳೆದುಕೊಂಡೆ. ಅದರ ಜೊತೆಗೇ, ಏಳು ವಾರ ಸಿಕ್ಕಿತು ಅಂತ ಒಳಗೆ ಇನ್ನೊಬ್ಬಳು ಕುಣಿದಳು. ಆ ಇನ್ನೊಬ್ಬಳ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಏಳು ವಾರ ನಾನು ಓದಿದ ಹಾಗೆ ಆಮೇಲೆ ಎಂದೂ ಓದಿಲ್ಲ. ಈಗ ಎರಡು ಗಂಟೆ ಪೂರ್ತಿ ನನ್ನದೇ, ಏಕೆಂದರೆ ಅಮ್ಮ ಕೋಣೆಗೆ ಬರುವುದನ್ನು ನಿಲ್ಲಿಸಿದ್ದಳು. ನೆಲ ಎಲ್ಲ ಕಡೆ ಒಂದೇ ಸಮ ತಣ್ಣಗಿರುತ್ತಿತ್ತು. ಆ ದನಿಗೆ ಇನ್ನು ಕೋಣೆ ಬೇಕಿರಲಿಲ್ಲ. ವಾರಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ, ಅದು ಅಡುಗೆಮನೆಯಿಂದಲೇ ಬರತೊಡಗಿತು. ಮುನಿ, ಗ್ಯಾಸ್ ಮುಗಿದದೆ. ಮುನಿ, ಈ ಹೆಣ್ಮಗಳ ಕೈ ಬಿರಿದದೆ, ಭಾನುವಾರ ನೀನೇ ಬಟ್ಟೆ ಒಗಿ. ಅಪ್ಪ ಎದ್ದು ಹೋಗಿ ಒಗೆಯುತ್ತಿದ್ದ. ಬೀದಿಯ ಹೆಂಗಸರು ಅಮ್ಮನಿಗೆ ಮೊದಲು ಕಾಫಿ ಕೊಟ್ಟು ಆಮೇಲೆ ತಾವು ಕುಡಿಯುತ್ತಿದ್ದರು. ಪುಷ್ಪ ಅವಳ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ. ನಾನು ಕೂರುತ್ತಿದ್ದೆ, ತಲೆ ಎತ್ತದೆ ಉಣ್ಣುತ್ತಿದ್ದೆ.

ಪರೀಕ್ಷೆಯಾಯಿತು, ಹೊಸತೊಡಕಾಯಿತು, ಮುಳ್ಳು ತೆಗೆದು ಸುಣ್ಣ ಹೊಡೆಸಿ ಕೋಣೆ ಬಾಡಿಗೆಗೂ ಹೋಯಿತು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪಾಸಾಗಿದ್ದೆ, ಗಣಿತದಲ್ಲಿ ಯಾರೂ ಎಣಿಸದಷ್ಟು ಅಂಕ. ಸ್ಕೂಲಿನಿಂದ ಓಡಿ ಬಂದು ಅಡುಗೆಮನೆಯಲ್ಲಿ ಅಮ್ಮನನ್ನು ತಬ್ಬಿಕೊಂಡೆ. ಅವಳು ನನ್ನ ಕೂದಲಿಗೆ ಮುಖ ಇಟ್ಟು ತನ್ನದೇ ಸಣ್ಣ ದನಿಯಲ್ಲಿ, ಗೆದ್ದೆ ಕಣೇ ನೇತ್ರ, ಅಂದಳು. ಆ ದನಿ ಕೇಳಿ ಎಷ್ಟು ದಿನವಾಗಿತ್ತು ಅಂತ ಆಗ ಹೊಳೆಯಿತು.

"ಅಮ್ಮ, ಇನ್ ನಿಲ್ಸ್‌ಬಿಡು," ಎಂದೆ. "ನಂಗೆ ಭಯ ಆಗುತ್ತೆ. ಆ ನೀರಿನ ವಿಷ್ಯ ನಿಂಗೆ ಹೆಂಗೆ ಗೊತ್ತಾಯ್ತು?"

ಅಮ್ಮ ಒಲೆ ಸಣ್ಣ ಮಾಡಿದಳು.

"ಬೇರೆ ಎಲ್ಲಾ ಅಂದ್ಕೊಂಡೇ ಕೂತಿದ್ದೆ. ಅದೊಂದು ಅಂದ್ಕೊಂಡಿರ್ಲಿಲ್ಲ. ಬಾಯಿಗೆ ಬಂತು."

ನಡುಮನೆಯಲ್ಲಿ ಅಪ್ಪ ಶರಟು ಕಳಚುತ್ತಾ ಯಾರಿಗೋ ಎಂಬಂತೆ ಹೇಳುತ್ತಿದ್ದ. ಪಾಸೇನೋ ಆದಳು, ಸಂತೋಷ. ಆದರೆ ಕಾಲೇಜು ಅಂದರೆ ದೂರ, ಬಸ್ಸು, ಹುಡುಗರು. ಗೌರಿ ಮಗಳ ಲೈನಿನಲ್ಲಿ ಜಾಗ ಖಾಲಿ ಇದೆಯಂತೆ. ಮುಂದಿನ ವರ್ಷ ಬೇಕಾದರೆ ನೋಡೋಣ.

ಅಮ್ಮ ಬಾಗಿಲಿಗೆ ಹೋಗಿ ನಿಂತಳು.

"ರೀ, ಅವಳು ಓದ್ಲಿ ರೀ. ಅಷ್ಟ್ ಕಷ್ಟಪಟ್ಟವಳೆ."

ಅಪ್ಪ ಶರಟನ್ನು ಮೊಳೆಗೆ ತಗುಲಿಸಿ, ಟವಲ್ ಎಲ್ಲಿ ಅಂತ ಹುಡುಕಿದ. ಅಮ್ಮ ಇನ್ನೊಮ್ಮೆ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ಅವನು ಟೀವಿ ಹಾಕಿದ. ಅಮ್ಮ ನನ್ನ ಕಡೆಗೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ಸಿಟ್ಟಿರಲಿಲ್ಲ.

"ನೋಡ್ದಾ? ಹೇಳು, ನಿಲ್ಸ್ಲಾ?"

ನಾನು ಹೂಂ ಅನ್ನಬೇಕಿತ್ತು. ಹದಿನಾರು ವರ್ಷದ ಹುಡುಗಿಯನ್ನು, ಅಮ್ಮ ಬೇಕೋ ಕಾಲೇಜು ಬೇಕೋ ಅಂತ ಯಾರೂ ಹಾಗೆ ಕೇಳಬಾರದು. ಕೇಳಿದರು. ನಾನು ನೆಲ ನೋಡುತ್ತಾ ತಲೆ ಅಡ್ಡಡ್ಡ ಆಡಿಸಿದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲ ಕಂಬಕ್ಕೆ ತಲೆ ಒರಗಿಸಿದಳು.

"ಮುನಿ, ಟೀವಿ ಆರ್ಸು. ಮಗು ಕಾಲೇಜಿಗೆ ಹೋಯ್ತದೆ. ಕಾಗದಕ್ಕೆ ಸೈನ್ ಹಾಕು."

"ಆಯ್ತವ್ವ," ಎನ್ನುತ್ತಾ ಅಪ್ಪ ಎದ್ದು ನಿಂತ.

ನಾನು ಅಮ್ಮನ ಮುಖ ನೋಡಲಿಲ್ಲ. ಫಾರಂ ತರಲು ಓಡಿದೆ.